ಅಪ್‌ಡೇಟ್: ಕ್ಯಾಂಪರ್ ವ್ಯಾನ್‌ನಲ್ಲಿ ಮಲೆನಾಡು

ಮನೆಯವರ ಜೊತೆ ಕ್ಯಾಂಪರ್ ವ್ಯಾನ್‌ನಲ್ಲಿ (ಒಳಗೇ ಮಲಗಿ ಉಳಿಯುವಂಥ ಗಾಡಿ) ಶಿವಮೊಗ್ಗ ಕಡೆ ಹೊರಟಿದ್ದೇವೆ, ರಾತ್ರಿ ಗಾಡಿ ಎಲ್ಲಿ ನಿಲ್ಲಿಸಬಹುದು ಅಂತ ಕೇಳಿದ್ದೆ. ಹೋಗಿ ಬಂದೆವು. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಹೋಂಸ್ಟೇ ಅಂಗಳ ಕೇಳಿ ನೋಡಿ ಅಂದಿದ್ದಿರಲ್ಲ, ಅದೇ ಕೆಲಸಕ್ಕೆ ಬಂತು. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟದ ಮನೆಯವರು ಜಾಗ ಕೊಟ್ಟರು. ಕರೆಂಟ್, ನೀರು, ಬಚ್ಚಲು ಎಲ್ಲ ಸಿಕ್ಕಿತು. ಹಂಡೆಯ ಬಿಸಿನೀರಿನ ಮುಂದೆ ನಮ್ಮ ಗಾಡಿಯ ಶವರ್ ಯಾವ ಲೆಕ್ಕ! ಆದರೆ ಅಡಿಕೆ ಒಣಗಿಸುವ ಕಾಲದಲ್ಲಿ ಅಂಗಳ ಖಾಲಿ ಇರುವುದಿಲ್ಲ, ಮೊದಲೇ ಫೋನ್ ಮಾಡಿ. ಕಾಡಿನಲ್ಲಿ ಸುಮ್ನೆ ನಿಲ್ಲಿಸಿ ಮಲಗುವುದು ಬೇಡ. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಉಳಿಯುವ ಹಾಗಿಲ್ಲ.

ಸೋಲಾರ್ ಜಾಸ್ತಿ ನಂಬಬೇಡಿ. ಮೇಲೆ ಮೋಡ, ಕೆಳಗೆ ಮರದ ನೆರಳು. ಫ್ರಿಜ್‌ಗೂ ಸಾಲಲಿಲ್ಲ.

ಆಗುಂಬೆ ಘಾಟಿಯ 14 ತಿರುವು ಇಳಿಯದೆ ಮೇಲಿಂದಲೇ ವಾಪಸ್ ಬಂದೆವು. ಮಳೆಗಾಲದಲ್ಲಿ ಅಲ್ಲಿ ಭಾರಿ ವಾಹನಗಳನ್ನು ತಡೆಯುವುದೂ ಉಂಟು. ಕೊಡಚಾದ್ರಿಗೆ ಬಾಡಿಗೆ ಜೀಪೇ ಸರಿ. ಸಿಗಂದೂರಿಗೆ ಮಾತ್ರ ಈಗ ಆರಾಮ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಸೇತುವೆ ಓಡಾಟಕ್ಕೆ ತೆರೆದ ಮೇಲೆ ಲಾಂಚ್‌ಗೆ (ಗಾಡಿ ದಾಟಿಸುವ ದೋಣಿ) ಕಾಯುವ ಕೆಲಸವೇ ಇಲ್ಲ, ವ್ಯಾನ್ ಸೀದಾ ಹೋಗುತ್ತದೆ.

ಉಂಬಳದ (ರಕ್ತ ಹೀರುವ ಜಿಗಣೆ) ಬಗ್ಗೆ ಕೇಳಿದವರಿಗೆ: ಹೌದು, ವ್ಯಾನ್ ಒಳಗೂ ಬಂದವು.