ಮೂಲವ್ಯಾಧಿಗೆ ಚಿಪ್ಪುಹಂದಿಯ ಉಂಗುರ: ಇದರಲ್ಲಿ ಹುರುಳಿದೆಯೇ?

ಪ್ರಶ್ನೆ – ಮಲೆನಾಡಿನ ಓದುಗ

ನಮ್ಮ ಮಾವನವರಿಗೆ ಬಹಳ ಕಾಲದಿಂದ ಮೂಲವ್ಯಾಧಿ ಇದೆ. ಕಳೆದ ತಿಂಗಳು ಸಂತೆಯಲ್ಲಿ ನಾಟಿ ಔಷಧಿ ಮಾರುವವನೊಬ್ಬ ಚಿಪ್ಪುಹಂದಿಯ ಚಿಪ್ಪಿನಿಂದ ಮಾಡಿದ ಉಂಗುರವನ್ನು ಕೊಟ್ಟು, ಇದನ್ನು ತೊಟ್ಟರೆ ರಕ್ತ ಬೀಳುವುದು ನಿಲ್ಲುತ್ತದೆ ಎಂದನಂತೆ. ಉಂಗುರ ಕಂದುಬಣ್ಣದ್ದು, ಮುಟ್ಟಿದರೆ ದಪ್ಪ ಉಗುರಿನಂತಿದೆ, ಮೇಲೆ ಸಣ್ಣ ಗೆರೆಗಳಿವೆ. ತೊಟ್ಟ ಎಂಟು ಹತ್ತು ದಿನಗಳಲ್ಲಿ ರಕ್ತ ನಿಂತಿದ್ದರಿಂದ ಅವರ ನಂಬಿಕೆ ಗಟ್ಟಿಯಾಗಿದ್ದು, ಈಗ ನೆಂಟರಿಗೂ ಹೇಳತೊಡಗಿದ್ದಾರೆ. ಇದರಲ್ಲಿ ಔಷಧೀಯ ಗುಣವಿದೆಯೇ? ಇಟ್ಟುಕೊಳ್ಳುವುದು ಅಪರಾಧವೇ?

ಉತ್ತರ – ಪ್ರಾಣಿಶಾಸ್ತ್ರ ಅಧ್ಯಾಪಕಿ

ಉಗುರಿನಂತಿದೆ ಎಂದು ನೀವು ಬರೆದದ್ದು ಸರಿಯಾಗಿಯೇ ಇದೆ. ಚಿಪ್ಪುಹಂದಿಯ ಚಿಪ್ಪು ನಮ್ಮ ಉಗುರು ಕೂದಲುಗಳಲ್ಲಿರುವ ಕೆರಾಟಿನ್‌ನಿಂದಲೇ ಆದದ್ದು. ಬೆರಳಿಗೆ ತೊಟ್ಟರೆ ಅದರಿಂದ ರಕ್ತಕ್ಕೆ ಸೇರುವಂಥದ್ದು ಏನೂ ಇಲ್ಲ. ಹಲ್ಲಿಲ್ಲದ, ಇರುವೆ ಗೆದ್ದಲುಗಳನ್ನು ನಾಲಿಗೆಯಿಂದ ನೆಕ್ಕಿ ಬದುಕುವ ಈ ಪ್ರಾಣಿ ಅಪಾಯ ಕಂಡೊಡನೆ ಉಂಡೆಯಂತೆ ಸುತ್ತಿಕೊಳ್ಳುತ್ತದೆ. ಚಿರತೆಯಿಂದ ಉಳಿಸಬಲ್ಲ ಆ ಉಪಾಯವೇ ಮನುಷ್ಯನೆದುರು ಅದಕ್ಕೆ ಮುಳುವಾಗಿದೆ, ಏಕೆಂದರೆ ಸುತ್ತಿಕೊಂಡದ್ದನ್ನು ಎತ್ತಿ ಚೀಲಕ್ಕೆ ಹಾಕಿಕೊಳ್ಳಲು ಬೇಟೆಗಾರನಿಗೆ ಯಾವ ಶ್ರಮವೂ ಬೇಕಿಲ್ಲ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುವುದರಿಂದ, ಕಳೆದುಕೊಂಡ ಸಂಖ್ಯೆಯನ್ನು ತುಂಬಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ.

ಸಂತೆಯ ಉಂಗುರ ಈ ವ್ಯಾಪಾರದ ಒಂದು ಚಿಕ್ಕ ತುದಿ ಮಾತ್ರ. ಎದೆಹಾಲು ಹೆಚ್ಚಿಸುತ್ತದೆ, ರಕ್ತಸಂಚಾರ ಸರಾಗಗೊಳಿಸುತ್ತದೆ ಎಂಬ ನಂಬಿಕೆಯಿಂದ ಚೀನಾ ಮತ್ತು ವಿಯೆಟ್ನಾಂಗಳಲ್ಲಿ ಚಿಪ್ಪಿಗೆ ಬೇಡಿಕೆ ಇದೆ. ಭಾರತದ ಚಿಪ್ಪುಗಳು ಈಶಾನ್ಯ ರಾಜ್ಯಗಳ ಗಡಿ ದಾಟಿ ಮ್ಯಾನ್ಮಾರ್ ಮೂಲಕ ಅತ್ತ ಸಾಗುತ್ತವೆ. 2019ರ ಏಪ್ರಿಲ್‌ನಲ್ಲಿ ಸಿಂಗಪುರದಲ್ಲಿ ಒಂದೇ ವಾರದೊಳಗೆ 25 ಟನ್ನಿಗೂ ಹೆಚ್ಚು ಆಫ್ರಿಕಾದ ಚಿಪ್ಪು ಸಿಕ್ಕಿಬಿದ್ದಿತು. ಚಿಪ್ಪುಹಂದಿಯ ಎಂಟೂ ಪ್ರಭೇದಗಳ ಅಂತರರಾಷ್ಟ್ರೀಯ ವಾಣಿಜ್ಯ ವಹಿವಾಟನ್ನು 2016ರ ಸೈಟೀಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಸಮ್ಮೇಳನ ನಿಷೇಧಿಸಲು ನಿರ್ಧರಿಸಿದ ಮೇಲೆ ಆದದ್ದು ಇದು. ಚೀನಾ ಕೂಡ 2020ರಲ್ಲಿ ತನ್ನ ಅಧಿಕೃತ ಔಷಧಕೋಶದ ಮೂಲದ್ರವ್ಯಗಳ ಪಟ್ಟಿಯಿಂದ ಚಿಪ್ಪನ್ನು ಕೈಬಿಟ್ಟಿದೆ.

ಉತ್ತರ – ಆಯುರ್ವೇದ ವೈದ್ಯ

ರಕ್ತ ನಿಂತದ್ದು ಸುಳ್ಳಲ್ಲ, ಆದರೆ ನಿಲ್ಲಿಸಿದ್ದು ಉಂಗುರವಲ್ಲ. ಮೂಲವ್ಯಾಧಿ ಕೆರಳುವುದು, ಕೆಲವು ದಿನಗಳಲ್ಲಿ ತಾನಾಗಿಯೇ ತಣಿಯುವುದು ಅದರ ಸ್ವಭಾವ. ತೊಂದರೆ ತಾರಕಕ್ಕೇರಿದಾಗಲೇ ಜನ ಮದ್ದು ಹುಡುಕುವುದರಿಂದ, ಆ ಹೊತ್ತಿನಲ್ಲಿ ಏನು ಕೊಟ್ಟರೂ ಗುಣ ಕಂಡಂತಾಗುತ್ತದೆ. ಮಾರುವವನ ಹೆಸರು ಬೆಳೆಯುವುದು ಹೀಗೆಯೇ.

ಆಯುರ್ವೇದದ ಹೆಸರಿನಲ್ಲಿ ಇದನ್ನು ಮಾರುವುದನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಚರಕಸಂಹಿತೆ ಅರ್ಶಸ್ಸಿಗೆ, ಅಂದರೆ ಮೂಲವ್ಯಾಧಿಗೆ, ಹೊಗಳಿರುವುದು ಮಜ್ಜಿಗೆಯನ್ನು. ಸುಶ್ರುತಸಂಹಿತೆ ವಿವರಿಸುವ, ಕ್ಷಾರವಸ್ತುವನ್ನು ಹಚ್ಚಿ ಮಾಡುವ ಕ್ಷಾರಚಿಕಿತ್ಸೆ ಇಂದಿಗೂ ಬಳಕೆಯಲ್ಲಿದೆ. ಮಾವನವರಿಗೆ ನಾರಿನಂಶವಿರುವ ಊಟ, ಸಾಕಷ್ಟು ನೀರು, ತಿಣುಕದೆ ಶೌಚ ಮಾಡುವ ಅಭ್ಯಾಸ ಬೇಕು. ಇವೆಲ್ಲಕ್ಕಿಂತ ಮೊದಲು ಅವರನ್ನು ವೈದ್ಯರಿಗೆ ತೋರಿಸಿ, ಏಕೆಂದರೆ ವಯಸ್ಸಾದವರಲ್ಲಿ ಮಲದೊಡನೆ ರಕ್ತ ಬರುವುದು ಕರುಳಿನ ಕ್ಯಾನ್ಸರಿನ ಲಕ್ಷಣವೂ ಆಗಿರಬಹುದು, ಮತ್ತು ಉಂಗುರದ ಭರವಸೆಯಲ್ಲಿ ಕಳೆದ ತಿಂಗಳುಗಳು ಮರಳಿ ಸಿಗುವುದಿಲ್ಲ. ಪ್ರಾಣಿಯ ವಿಷಯ ಆಮೇಲೆ ಹೇಳಿ. ಪರೀಕ್ಷೆ ಮಾಡಿಸೋಣ ಬನ್ನಿ ಎಂದರೆ ಹಿರಿಯರಿಗೆ ಬೇಸರವಾಗದು.

ಉತ್ತರ – ವಕೀಲ

ಚಿಪ್ಪುಹಂದಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲನೆಯ ಅನುಸೂಚಿಯಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆ ಪಡೆದ ಪ್ರಾಣಿಗಳ ಪಟ್ಟಿಯಲ್ಲಿದೆ. ಅದರ ಅಂಗದಿಂದ ಮಾಡಿದ ವಸ್ತುವನ್ನು ಮಾರುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅಪರಾಧ: ಮೂರರಿಂದ ಏಳು ವರ್ಷ ಸೆರೆವಾಸ, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕ ತೊಟ್ಟಿದ್ದಕ್ಕೆ ಕಿರುತೆರೆ ಕಾರ್ಯಕ್ರಮದ ಸ್ಪರ್ಧಿಯೊಬ್ಬರು ಬಂಧನಕ್ಕೊಳಗಾದದ್ದು ಎಲ್ಲರಿಗೂ ನೆನಪಿರಬಹುದು.

ಪ್ರಶ್ನೆ ಕೇಳಿದವರು

ವೈದ್ಯರ ಬಳಿ ಹೋಗಲು ಮಾವನವರು ಒಪ್ಪಿದ್ದಾರೆ. ಉಂಗುರವನ್ನು ಹೊಳೆಗೆ ಎಸೆದುಬಿಡುತ್ತೇನೆ ಎನ್ನುತ್ತಿದ್ದಾರೆ, ಅದು ಸರಿಯೇ?

ಉತ್ತರ – ವಕೀಲ

ದಯವಿಟ್ಟು ಎಸೆಯಬೇಡಿ, ಸುಡಬೇಡಿ, ಬೇರೆಯವರಿಗೂ ಕೊಡಬೇಡಿ. ಇಂಥ ವಸ್ತು ಸರ್ಕಾರದ ಸ್ವತ್ತು. ಕೈಗೆ ಬಂದ 48 ಗಂಟೆಗಳೊಳಗೆ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕೆಂದು 39ನೆಯ ಕಲಮು ಹೇಳುತ್ತದೆ. ನಿಮ್ಮಲ್ಲಿ ಆ ಅವಧಿ ಮೀರಿರುವುದರಿಂದ, ಸ್ಥಳೀಯ ವಕೀಲರೊಬ್ಬರನ್ನು ಜೊತೆಗೆ ಕರೆದುಕೊಂಡು, ಎಲ್ಲಿ ಹೇಗೆ ಸಿಕ್ಕಿತೆಂಬುದನ್ನು ಇದ್ದದ್ದು ಇದ್ದಂತೆ ಬರೆದು, ವಲಯ ಅರಣ್ಯಾಧಿಕಾರಿಗಳಿಗೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ. ಮಾರಿದವನನ್ನು ನೀವೇ ಹೋಗಿ ಪ್ರಶ್ನಿಸಬೇಡಿ. ಅವನು ಯಾವ ವಾರ, ಸಂತೆಯ ಯಾವ ಮೂಲೆಯಲ್ಲಿ ಕೂರುತ್ತಾನೆ ಎಂಬುದನ್ನು ಅದೇ ಪತ್ರದಲ್ಲಿ ಸೇರಿಸಿ.