ಸಹಾಯ ಬೇಕು: ಅಪ್ಪ ಅಮ್ಮನ ಜೊತೆ ಮಲೆನಾಡಿನಲ್ಲಿ ಎರಡು ವಾರ

ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಬೆಂಗಳೂರಿನಿಂದ ಕಾರಿನಲ್ಲಿ ಹೊರಡುತ್ತಿದ್ದೇವೆ. ಎರಡು ವಾರ ಇದೆ, ಅವಸರ ಇಲ್ಲ. ಸಕಲೇಶಪುರ, ಮೂಡಿಗೆರೆ, ಕಳಸ, ಶೃಂಗೇರಿ, ತೀರ್ಥಹಳ್ಳಿ, ಸಾಗರ, ಕೊನೆಗೆ ಶಿರಸಿ. ಆಗ ಕಾಫಿ ಕೊಯ್ಲಿನ ಕಾಲ ಅಲ್ವಾ, ಕಣದಲ್ಲಿ ಹಣ್ಣು ಹರಡಿ ಒಣಗಿಸುವುದನ್ನು ಅಮ್ಮ ಹತ್ತಿರದಿಂದ ನೋಡಬೇಕಂತೆ. ಅಪ್ಪನಿಗೆ ಸಾಗರದ ಹತ್ತಿರ ಇಕ್ಕೇರಿ ದೇವಸ್ಥಾನದ ದೊಡ್ಡ ಕಲ್ಲಿನ ನಂದಿ ಮುಂದೆ ಸುಮ್ನೆ ಕೂರುವ ಆಸೆ.

ಮುಖ್ಯವಾಗಿ ಬೇಕಿರುವುದು ಉಳಿದುಕೊಳ್ಳಲು ಜಾಗ. ಒಂದೊಂದು ಕಡೆ ಮೂರು ನಾಲ್ಕು ದಿನ ಇರಬೇಕು. ಅಪ್ಪನಿಗೆ ಮಂಡಿನೋವು, ಮೆಟ್ಟಿಲು ಜಾಸ್ತಿ ಇರಬಾರದು, ಕಾರು ಅಂಗಳದವರೆಗೆ ಹೋಗಬೇಕು. ತೀರ್ಥಹಳ್ಳಿ, ಸಾಗರದ ಸುತ್ತ ಅಂಥ ಹೋಂಸ್ಟೇ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಕಳಸದಿಂದ ಶೃಂಗೇರಿಗೆ ರಸ್ತೆ ಈಗ ಹೇಗಿದೆ? ಕತ್ತಲಾದ ಮೇಲೆ ಆ ತಿರುವುಗಳಲ್ಲಿ ಓಡಿಸುವುದು ನನಗೆ ಬೇಡ. ಡಿಸೆಂಬರ್ ಕೊನೆಗೆ ಶಿರಸಿ ಹತ್ತಿರದ ಶಾಲ್ಮಲಾ ಹೊಳೆಯಲ್ಲಿ ನೀರು ಇಳಿದು, ಬಂಡೆಗಳಲ್ಲಿ ಕೆತ್ತಿರುವ ಸಹಸ್ರಲಿಂಗ ಚೆನ್ನಾಗಿ ಕಾಣುತ್ತದಾ? ಶಿರಸಿಯವರು ಹೇಳಿ.