ವಸತಿಗೃಹದ ಅಂಗಳದ ಮರ ಒಣಗಿದೆ: ಅದೇ ಗುಂಡಿಯಲ್ಲಿ ಬೇರೆ ಗಿಡ ನೆಡಬಹುದೇ?

ಕಡಲತಡಿ, ಕಾರವಾರ
ನಮ್ಮ ವಸತಿಗೃಹದ ಎದುರಿನ ದೊಡ್ಡ ಮರ ಈ ವರ್ಷ ಚಿಗುರಲೇ ಇಲ್ಲ. ಕಳೆದ ವಾರ ಗಾಳಿಯೇ ಇಲ್ಲದ ಮಧ್ಯಾಹ್ನ ತೊಡೆಗಾತ್ರದ ಟೊಂಗೆಯೊಂದು ಮುರಿದು ಅತಿಥಿಯೊಬ್ಬರ ಕಾರಿನ ಪಕ್ಕದಲ್ಲೇ ಬಿತ್ತು. ಗೊಬ್ಬರ ಹಾಕಿಸಿದೆ, ದಿನವೂ ನೀರು ಬಿಡಿಸಿದೆ, ಔಷಧಿಯನ್ನೂ ಹೊಡೆಸಿದೆ; ಒಂದೂ ಫಲಿಸಲಿಲ್ಲ. ಮಳೆಗಾಲ ಹತ್ತಿರ ಬಂತು. ಮರ ಕಡಿಸಿ ಅದೇ ಗುಂಡಿಯಲ್ಲಿ ಬೇರೆ ಗಿಡ ನೆಡಬಹುದೇ? ದಯವಿಟ್ಟು ಬೇಗ ತಿಳಿಸಿ.

ಬೆಟ್ಟದ ತೋಟಿಗ, ಶಿರಸಿ
ಇದು ಒರಲೆಯ ಕೆಲಸ. ಕಾಂಡದ ಮೇಲೆ ಮಣ್ಣಿನ ಗೆರೆ ಏರಿದೆಯೇ ನೋಡಿ. ಮೊದಲು ಒರಲೆಗೆ ಮದ್ದು ಮಾಡಿ, ಮರದ ವಿಚಾರ ಆಮೇಲೆ.

ಅಘನಾಶಿನಿ ತೀರ, ಕುಮಟಾ
ಯಾವ ಮರವೆಂದೇ ನೀವು ಹೇಳಿಲ್ಲ. ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುವ ಮರಗಳು ನಮ್ಮಲ್ಲಿ ಹಲವಿವೆ. ಚೂರಿಯ ಮೊನೆಯಿಂದ ಬೆರಳಗಲ ತೊಗಟೆ ಕೆರೆದು ನೋಡಿ. ಒಳಗೆ ಹಸಿರೂ ತೇವವೂ ಇದ್ದರೆ ಆ ಭಾಗಕ್ಕೆ ಜೀವವಿದೆ. ಒಂದೇ ಟೊಂಗೆ ನೋಡಿ ತೀರ್ಮಾನಿಸದೆ, ನಾಲ್ಕು ದಿಕ್ಕಿನಲ್ಲೂ ಬುಡದಲ್ಲೂ ಪರೀಕ್ಷಿಸಿ. ಈಚಿನ ವರ್ಷಗಳಲ್ಲಿ ಬುಡದ ಸುತ್ತ ಅಗೆದದ್ದು, ಮಣ್ಣು ಏರಿಸಿದ್ದು ಉಂಟೇ?

ಕಡಲತಡಿ
ಹೇಳುವ ಅಗತ್ಯವಿದೆ ಎನಿಸಿರಲಿಲ್ಲ, ಕ್ಷಮಿಸಿ. ಮರ ಗುಲ್‌ಮೊಹರ್. ಮೂರು ವರ್ಷದ ಹಿಂದೆ ವಾಹನ ನಿಲ್ಲಿಸಲೆಂದು ಕಾಂಡದವರೆಗೂ ಇಂಟರ್‌ಲಾಕ್ ಹಾಸಿದೆವು. ಪಶ್ಚಿಮಕ್ಕೆ ಚರಂಡಿ ತೋಡುವಾಗ ತೋಳುಗಾತ್ರದ ಬೇರುಗಳನ್ನು ಕಡಿದದ್ದೂ ನಿಜ. ಇಂದು ಎಲ್ಲೆಲ್ಲಿ ಕೆರೆದರೂ ಕಂದು ಬಣ್ಣದ ಒಣ ಪುಡಿಯೇ ಬಂತು. ಚರಂಡಿಯ ಬದಿಯ ಬುಡದಲ್ಲಿ ಅಂಗೈಯಗಲದ ಎರಡು ಅಣಬೆಗಳಿವೆ: ಮರದಷ್ಟೇ ಗಟ್ಟಿ, ಮೇಲೆ ವಾರ್ನಿಷ್ ಬಳಿದಂತೆ ಹೊಳೆಯುವ ಕೆಂಗಂದು, ಅಂಚು ಬಿಳಿ. ಕತ್ತಿಯ ಹಿಂಬದಿಯಿಂದ ತಟ್ಟಿದರೆ ಅಲ್ಲಿ ಟೊಳ್ಳು ಸದ್ದು.

ಬೆಟ್ಟದ ತೋಟಿಗ
ಆದರೂ ಒರಲೆಯನ್ನು ಅಲ್ಲಗಳೆಯುವಂತಿಲ್ಲ.

ಅಘನಾಶಿನಿ ತೀರ
ತೋಟಿಗರೇ, ಒರಲೆ ಹೆಚ್ಚಾಗಿ ಸತ್ತ ಮರಕ್ಕೆ ಆಮೇಲೆ ಬರುವುದು. ಅವರು ವರ್ಣಿಸಿದ ಅಣಬೆ, ಬೇರು ಬುಡಗಳನ್ನು ಕೊಳೆಸುವ ಗಾನೊಡರ್ಮಾ ಎಂಬ ಶಿಲೀಂಧ್ರದಂತಿದೆ. ಅಡಿಕೆಗೂ ತೆಂಗಿಗೂ ಬರುವ ಅಣಬೆ ರೋಗವನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಕಡಿದ ಬೇರಿನ ಗಾಯ, ಮೇಲೆ ಉಸಿರಾಡಲು ಬಿಡದ ಹಾಸು, ಅನಂತರ ಕೊಳೆ: ಕ್ರಮ ಹೀಗಿರಬೇಕು. ಬೇರು ಕೊಳೆತ ಮರಕ್ಕೆ ನೀರು, ಗೊಬ್ಬರ ಸುರಿದು ಪ್ರಯೋಜನವಿಲ್ಲ. ಮೊದಲ ಮಳೆಯ ಗಾಳಿಗೆ ಅದು ಬುಡಸಮೇತ ಉರುಳಬಹುದು. ಇವತ್ತೇ ಕೆಳಗೆ ವಾಹನ ನಿಲ್ಲಿಸುವುದನ್ನು ತಪ್ಪಿಸಿ ಸುತ್ತಲೂ ಹಗ್ಗ ಕಟ್ಟಿಸಿ.

ಹಸಿರು ಹೊನ್ನಾವರ
ಸ್ವಂತ ಜಾಗದ ಸತ್ತ ಮರ ಕಡಿಯಲು ಯಾರನ್ನು ಕೇಳಬೇಕು? ನಾಳೆಯೇ ಕಡಿಸಿಬಿಡಿ.

ಅಘನಾಶಿನಿ ತೀರ
ಕೇಳಲೇಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ಖಾಸಗಿ ಜಾಗಕ್ಕೂ ಅನ್ವಯಿಸುತ್ತದೆ. ತೆಂಗು, ಗಾಳಿಮರಗಳಿಗೆ ಇರುವ ವಿನಾಯಿತಿಯನ್ನು ಕಂಡ ಕಂಡ ಮರಕ್ಕೆಲ್ಲ ಹಿಗ್ಗಿಸಬಾರದು. ಸತ್ತ ಅಥವಾ ಜೀವಕ್ಕೆ ಅಪಾಯವಾಗುವ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲವೆಂದು ಅದೇ ಕಾನೂನು ಹೇಳುತ್ತದೆ. ಅರ್ಜಿಯ ಜೊತೆ ಅಣಬೆಯ, ಮುರಿದ ಟೊಂಗೆಯ ಚಿತ್ರಗಳನ್ನು ಲಗತ್ತಿಸಿ.

ಬೆಟ್ಟದ ತೋಟಿಗ
ಅಣಬೆಯ ಮಾತು ಒಪ್ಪಿದೆ. ಹಾಗಿದ್ದರೆ ಅದೇ ಗುಂಡಿ ಬೇಡವೇ ಬೇಡ. ಮಣ್ಣಿನಲ್ಲಿ ಉಳಿದ ಬೇರಿನ ಚೂರುಗಳಲ್ಲಿ ರೋಗ ವರ್ಷಗಟ್ಟಲೆ ಕಾದಿರುತ್ತದೆ. ಬೊಡ್ಡೆಯನ್ನೂ ದಪ್ಪ ಬೇರುಗಳನ್ನೂ ಕೀಳಿಸಿ, ಹದಿನೈದಿಪ್ಪತ್ತು ಅಡಿ ದೂರದಲ್ಲಿ ಚಿರೆಕಲ್ಲು ಒಡೆದು ಮೂರಡಿ ಉದ್ದ, ಅಗಲ, ಆಳದ ಗುಂಡಿ ತೆಗೆಸಿ, ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿಸಿ. ನಮ್ಮ ಗೋದಾಮಿನ ಎದುರು ಹೀಗೆ ನೆಟ್ಟ ಐದು ಬಕುಳಗಳು ಇಂದು ಲಾರಿಗಿಂತ ಎತ್ತರ ಬೆಳೆದು ನೆರಳು ಕೊಡುತ್ತಿವೆ. ಒಂದೂ ಸಾಯಲಿಲ್ಲ.

ಅಘನಾಶಿನಿ ತೀರ
ಶಿರಸಿಯಲ್ಲಿ ಉಪ್ಪುಗಾಳಿ ಇಲ್ಲ. ಕಡಲಿಗೆ ಮುಖ ಮಾಡಿದ ಅಂಗಳಕ್ಕೆ ಸುರಹೊನ್ನೆ ಹೆಚ್ಚು ಒಗ್ಗುತ್ತದೆ. ಹಿಂದೆ ಅದರ ಬೀಜದ ಎಣ್ಣೆಯಲ್ಲೇ ದೀಪ ಉರಿಸುತ್ತಿದ್ದರು. ತೆಂಗಿಗೂ ಈ ಅಣಬೆ ರೋಗ ಬರುವುದರಿಂದ ಅದನ್ನು ಮಾತ್ರ ಅಲ್ಲಿ ನೆಡಬೇಡಿ. ಯಾವುದನ್ನೇ ನೆಟ್ಟರೂ ಬುಡದ ಸುತ್ತ ನಾಲ್ಕಡಿಯಾದರೂ ಹಾಸು ತೆಗೆಸಿ.

ಕಡಲತಡಿ
ಅರ್ಜಿ ಕೊಟ್ಟಾಯಿತು, ಸ್ಥಳ ಪರಿಶೀಲನೆಗೆ ಬರುವುದಾಗಿ ಹೇಳಿದ್ದಾರೆ. ಹಗ್ಗ ಕಟ್ಟಿಸಿ, ವಾಹನಗಳನ್ನು ಹಿಂಬದಿಗೆ ಕಳಿಸುತ್ತಿದ್ದೇನೆ. ಒಂದು ಸಂಗತಿ ಬಿಟ್ಟುಹೋಗಿತ್ತು: ಕಾಂಪೌಂಡ್ ಗೋಡೆ ಬುಡದಿಂದ ಮೂರೇ ಅಡಿ ದೂರದಲ್ಲಿದೆ. ಬೊಡ್ಡೆ ಕಿತ್ತರೆ ಅದರ ತಳಪಾಯ ಸಡಿಲವಾದೀತೇ?